ತೆಂಗಿನಕಾಯಿ ಅಳತೆಯ ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಅಂತ ಗಾದೆ ಕಟ್ಟಿದವರು ಯಾರೋ ಏನೋ, ಅವರು ಜನ್ಮದಲ್ಲಿ ಸೂಜಿ ಹಿಡಿದಿರಲಿಕ್ಕಿಲ್ಲ. ಕೂಸು ಹುಟ್ಟಿದ ಹದಿಮೂರನೇ ದಿನಕ್ಕೆ ನಾಮಕರಣ. ನಡುವೆ ಸಿಗುವುದು ಹನ್ನೆರಡೇ ದಿನ. ಅಷ್ಟರಲ್ಲಿ ಬಟ್ಟೆ ಕತ್ತರಿಸಿ, ಕುಲಾವಿ ಹೊಲಿದು, ಅದರ ಮೇಲೆ ಕಸೂತಿಯನ್ನೂ ಹಾಕುವುದೆಂದರೆ ಹುಡುಗಾಟವೇ? (ಗಾದೆ ಹೇಳಿದವರು ಹೇಳಿ ಹೋದರು, ಬೆರಳು ಚುಚ್ಚಿಸಿಕೊಂಡವಳು ನಾನು.)

ನನ್ನ ತಮ್ಮ ನಾಗೇಶನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಗಂಡು ಕೂಸು ಹುಟ್ಟಿತು. ಅವನ ಹೆಂಡತಿ ಮಮತಾ ಹೆರಿಗೆಗೆಂದು ಸೊರಬದ ತವರಿಗೆ ಹೋಗಿದ್ದಳು. ಸುದ್ದಿ ಬಂದಾಗ ನಾನು ಶಿಕಾರಿಪುರದ ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಘೋಷಣೆ ಹೊರಡಿಸಿದೆ.

"ರೀ, ಕೇಳ್ರಿ ಇಲ್ಲಿ. ಕೂಸಿನ ಸೋದರತ್ತೆ ನಾನು. ಕುಲಾವಿ ಅಂಗಡೀದು ತರೋದಿಲ್ಲ, ನಾನೇ ಹೊಲೀತೀನಿ. ಬರೀ ಕುಲಾವಿ ಅಲ್ಲ, ಮಮತಂಗೆ ಕಸೂತಿ ಹಾಕಿದ ರವಿಕೆ ಕಣ, ನಾಗೇಶಂಗೆ ಟವಲ್ಲು, ಅವನತ್ತೆ ವನಜಮ್ಮನೋರಿಗೆ ದಿಂಬಿನ ಕವರು. ಎಲ್ಲಾ ನನ್ನ ಕೈಯಾರೆ!"

ಬೀಜ-ಗೊಬ್ಬರದ ಅಂಗಡಿಗೆ ಹೊರಟು ನಿಂತಿದ್ದ ನನ್ನ ಗಂಡ ಗಿರೀಶ ತಮ್ಮ ಎದೆಯತ್ತ ಬೆರಳು ಮಾಡಿ ತೋರಿಸಿದರು. "ಈ ಅಂಗಿ ಗುಂಡಿ ಕಿತ್ತು ಬರೋ ದೀಪಾವಳಿಗೆ ಒಂದು ವರ್ಷ ಆಕ್ಕತಿ ಕಣೆ. ನಿನ್ನ ಪಟ್ಟಿಯೊಳಗೆ ಇದು ಎಷ್ಟನೇದು?"

"ಇಂಥ ಸಂತೋಷದ ಸುದ್ದಿ ಬಂದಾಗ ಗುಂಡಿ ಮಾತು ಆಡ್ತೀರಲ್ಲ, ನಿಮಗೆ ಎದೆ ಅನ್ನೋದು ಐತೇನ್ರೀ?"

"ಐತೆ. ಗುಂಡಿ ಇಲ್ಲದ್ದಕ್ಕೆ ಬಜಾರದಾಗೆ ಎಲ್ಲರಿಗೂ ಕಾಣ್ತಾ ಐತೆ."

ನಿಮ್ಮ ಹತ್ತಿರ ಮುಚ್ಚಿಡುವುದೇನು, ಇದು ಬರೀ ಉಡುಗೊರೆಯ ಹುಮ್ಮಸ್ಸಲ್ಲ. ಐದು ವರ್ಷದ ಹಿಂದೆ ನೆಂಟರ ಮನೆಯ ನಾಮಕರಣವೊಂದರಲ್ಲಿ, ಯಾರದೋ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು, ತುಂಬಿದ ಪಡಸಾಲೆಯಲ್ಲಿ ನಾನೊಂದು ಮಾತು ಆಡಿದ್ದೆ. "ನಮ್ಮ ಮಮತನ ಕೂಸಿಗೆ ಕುಲಾವಿ ಹೊಲಿಯೋ ಯೋಗ ಬರೋದ್ರೊಳಗೆ ನನ್ನ ಕಣ್ಣಿಗೆ ಪೊರೆ ಬಂದಿರ್ತೈತೆ ಬಿಡ್ರಿ" ಅಂತ. ನಾಲ್ಕು ಜನ ನಕ್ಕರು. ಊಟದ ಎಲೆ ಒರೆಸುತ್ತಿದ್ದ ಮಮತಾ ತಲೆ ಎತ್ತಲಿಲ್ಲ.

ಎಲುಬಿಲ್ಲದ ನಾಲಿಗೆ ನನ್ನದು. ಆಡಿದ ಮರುಕ್ಷಣವೇ ಕಚ್ಚಿಕೊಂಡೆ, ಆದರೆ ಮಾತು ಆಡಿದರೆ ಹೋಯಿತು. ಅದಕ್ಕೆ ಮೊದಲು ಅದೇ ಹುಡುಗಿ ಫೋನು ಮಾಡಿದರೆ ನನ್ನ ಸಾರು ಸೀದು ಹೋಗುವವರೆಗೂ ಹರಟುತ್ತಿದ್ದಳು. ಅವತ್ತಿನಿಂದ "ಹೂಂ ಅತ್ತಿಗೆ", "ಸರಿ ಅತ್ತಿಗೆ", ಅಷ್ಟೇ. ಮರ್ಯಾದೆಗೆ ಏನೂ ಕಮ್ಮಿಯಿಲ್ಲ, ಕಾಫಿ ಕೊಡುತ್ತಾಳೆ, ಕುಂಕುಮ ಕೊಡುತ್ತಾಳೆ, ಮುಖ ಮಾತ್ರ ಕೊಡುವುದಿಲ್ಲ. ತಪ್ಪಾಯಿತು ಅನ್ನುವ ಒಂದು ಮಾತು ಐದು ವರ್ಷವಾದರೂ ನನ್ನ ಬಾಯಿಂದ ಹೊರಡಲಿಲ್ಲ. ಬಾಯಿ ಕೈಕೊಟ್ಟ ಮೇಲೆ ಕೈಯನ್ನಾದರೂ ನೋಡೋಣ ಅಂತ ಸೂಜಿ ಹಿಡಿದೆ.

ಹಿಂದಿನ ಬೀದಿಯ ಶಹಜಹಾನ್ ಬೇಗಂ ನಲವತ್ತು ವರ್ಷದಿಂದ ಮದುವೆ ರವಿಕೆಗಳಿಗೆ ಕಸೂತಿ ಹಾಕುವವರು. ಅವರ ಪಾದವೇ ಗತಿ ಅಂತ ಹೋದೆ. ತೂತು ತೂತು ಮಾಡಿದ ಕಾಗದವನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಉಜ್ಜಿ, ಒಂದು ಗಿಣಿ ಎರಡು ಹೂವು ಮೂಡಿಸಿಕೊಟ್ಟರು. ಸರಪಳಿ ಹೊಲಿಗೆ ಹೇಳಿಕೊಟ್ಟರು. ಆಮೇಲೆ, "ಕೂಸಿನ ತಲೆ ಅಳತೆ ಎಷ್ಟಮ್ಮ? ಕೇಳಿದ್ಯಾ?" ಅಂದರು.

ಯಾರನ್ನು ಕೇಳಲಿ? ಮಮತನನ್ನು ಕೇಳುವ ಮುಖ ಇದ್ದಿದ್ದರೆ ಈ ಕುಲಾವಿಯೇ ಬೇಕಿರಲಿಲ್ಲ. ನಾನು ಬೆಬ್ಬೆಬ್ಬೆ ಅಂದದ್ದು ನೋಡಿ ಬೇಗಂ ನಕ್ಕರು. "ಸುಲಿದ ಸಣ್ಣ ತೆಂಗಿನಕಾಯಿ ಅಷ್ಟು ಇರ್ತದೆ, ತಗೋ. ನಾನು ಎಷ್ಟು ಕೂಸಿಗೆ ಹೊಲಿದಿಲ್ಲ!"

ಮನೆಗೆ ಬಂದು ಒಂದು ಸಣ್ಣ ಕಾಯಿ ಆರಿಸಿ, ಅದರ ತಲೆಗೆ ಬಟ್ಟೆ ಸುತ್ತಿ ಅಳತೆ ತೆಗೆದೆ. ಸಂಜೆ ಅಂಗಡಿಯಿಂದ ಬಂದ ಗಿರೀಶ ಟೀವಿ ಪಕ್ಕದಲ್ಲಿ ಕೂತಿದ್ದ ಕಾಯಿಯನ್ನು ನೋಡಿ ಕೈಮುಗಿದರು. "ಇದೇನೇ, ನಿನ್ನ ಅಳಿಯ ಹುಟ್ಟೋವಾಗಲೇ ಜುಟ್ಟು ಬಿಟ್ಕೊಂಡು ಬಂದಾನೆ? ಅದೂ ಮೂರು ಕಣ್ಣು! ಸಾಕ್ಷಾತ್ ಶಿವ."

ಉತ್ತರ ಕೊಡಲು ಬಾಯಲ್ಲಿ ಜಾಗವಿರಲಿಲ್ಲ, ಚುಚ್ಚಿದ ಬೆರಳು ಅದರೊಳಗಿತ್ತು. ಮೂರನೇ ದಿನಕ್ಕೆ ದಿಂಬಿನ ಕವರು ಪಟ್ಟಿಯಿಂದ ಬಿತ್ತು. ನಾಲ್ಕನೇ ದಿನ ಟವಲ್ಲು, ಐದನೇ ದಿನ ರವಿಕೆ ಕಣ. ಆರನೇ ದಿನ ಬೆಳಿಗ್ಗೆ ಗಿಣಿಯ ಬಾಲ ಮುಗಿಯಿತು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದ. ಎದ್ದು ಹೋಗಿ ಬಾಗಿಲು ತೆರೆದೆ. ಅವನು ಒಮ್ಮೆ ನನ್ನ ಮುಖ, ಒಮ್ಮೆ ನನ್ನ ಮೊಣಕಾಲು ನೋಡಿದ. "ಅಕ್ಕಾರೆ, ಸೀರೆಗೆ ಏನೋ ಜೋತು ಬಿದ್ದೈತೆ."

ನೋಡಿಕೊಂಡರೆ, ತೊಡೆಯ ಮೇಲಿಟ್ಟು ಹೊಲಿಯುತ್ತ ಹೊಲಿಯುತ್ತ ಕುಲಾವಿಯನ್ನು ಸೀರೆಗೇ ಸೇರಿಸಿ ಹೊಲಿದುಬಿಟ್ಟಿದ್ದೆ! ಗಿಣಿ ನನ್ನ ಮೊಣಕಾಲಿನ ಮೇಲೆ ಭದ್ರವಾಗಿ ಕೂತಿತ್ತು. ಸಿಟ್ಟಿಗೆ ಕತ್ತರಿ ತೆಗೆದುಕೊಂಡು ಬಿಡಿಸಲು ಹೋದೆ, ಸೀರೆಯೂ ಹರಿಯಿತು, ಕುಲಾವಿಯೂ ಹರಿಯಿತು. ನೆಲದ ಮೇಲೆ ಕೂತು ಅತ್ತೇಬಿಟ್ಟೆ. ಮಧ್ಯಾಹ್ನ ಊಟಕ್ಕೆ ಬಂದ ಗಿರೀಶ ಒಂದು ತಮಾಷೆಯನ್ನೂ ಮಾಡದೆ ತಾವೇ ಅನ್ನ ಬಡಿಸಿಕೊಂಡರು, ನನಗೂ ಬಡಿಸಿದರು.

"ಅಂಗಡೀದು ತಂದ್ರೆ ಆಗಂಗಿಲ್ಲೇನೆ?"

"ಆಗಂಗಿಲ್ಲ."

"ಹಂಗಾದ್ರೆ ಎದ್ದು ಹೊಲಿ. ಇನ್ನೂ ಆರು ದಿನ ಐತೆ."

ಹೊಸ ಬಟ್ಟೆ ತಂದೆ. ಅಳತೆಗೆ ಕಾಯಿ ಹುಡುಕಿದರೆ ಟೀವಿ ಪಕ್ಕ ಖಾಲಿ. "ರೀ, ಅಳಿಯ ಎಲ್ಲಿ?"

"ನಿನ್ನೆ ದೋಸೆಗೆ ನೀನೇ ಅಲ್ಲೇನೆ ಚಟ್ನಿ ಅರೆದಿದ್ದು? ಮೂರು ಸಲ ಹಾಕಿಸಿಕೊಂಡೆ ನಾನು."

ಬೇಗಂರನ್ನು ಕೇಳೋಣವೆಂದರೆ ಅವರು ಮಗಳ ಮನೆಗೆ ಹೋಗಿದ್ದರು. ಚೀಲದಲ್ಲಿ ಉಳಿದಿದ್ದ ಇನ್ನೊಂದು ಕಾಯಿ ತೆಗೆದುಕೊಂಡೆ. ಅದು ದಪ್ಪ ಕಾಯಿ, ಮೇಲೆ ಅರ್ಧ ಸಿಪ್ಪೆ ಬೇರೆ ಹಾಗೇ ಇತ್ತು. ಗಿರೀಶ ಏನೋ ಹೇಳಲು ಬಾಯಿ ತೆರೆದರು. "ಕಾಯಿ ಅಂದ್ರೆ ಕಾಯಿ, ನೀವು ಸುಮ್ನಿರ್ರಿ" ಅಂದೆ. (ಗಂಡಂದಿರ ಮಾತು ಕೇಳಬೇಕಾದ ಸಂದರ್ಭ ವರ್ಷಕ್ಕೆ ಒಂದೋ ಎರಡೋ ಬರುತ್ತದೆ. ಅದು ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲ, ಅದೇ ಕಷ್ಟ.)

ಹದಿಮೂರನೇ ದಿನ ಸೊರಬಕ್ಕೆ ಬಸ್ಸು ಹತ್ತಿದೆವು. ಕುಲಾವಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಗಿಣಿ ಸ್ವಲ್ಪ ಕೋಳಿಯ ಹಾಗೆ ಕಂಡರೂ ಹಸಿರಾಗಿಯೇ ಇತ್ತು.

ಪಡಸಾಲೆಯ ತುಂಬ ಹೆಂಗಸರು. ಮಮತಾ ತಲೆಗೆ ಬಟ್ಟೆ ಕಟ್ಟಿಕೊಂಡು ತೊಟ್ಟಿಲ ಪಕ್ಕ ಕೂತಿದ್ದಳು. "ಬನ್ನಿ ಅತ್ತಿಗೆ" ಅಂದಳು. ಅಷ್ಟೇ. ಅವಳ ತಾಯಿ ವನಜಮ್ಮ ನನ್ನ ಕೈಯಿಂದ ಕುಲಾವಿ ಇಸಿದುಕೊಂಡು, "ಸೋದರತ್ತೆ ಕೈಯಾರೆ ಹೊಲಿದಿದ್ದಂತೆ!" ಎಂದು ಎಲ್ಲರಿಗೂ ತೋರಿಸಿ ಕೂಸಿನ ತಲೆಗೆ ಹಾಕಿದರು.

ಕೂಸು ಮಾಯವಾಯಿತು! ಹಣೆ ಹೋಯಿತು, ಮೂಗು ಹೋಯಿತು, ಗಲ್ಲ ಹೋಯಿತು. ಕುಲಾವಿಯ ಕೆಳಗೆ ಎರಡು ಪುಟ್ಟ ಕಾಲು ಮಾತ್ರ ಒದೆಯುತ್ತಿದ್ದವು.

"ಎಂತ ಮಾರಾಯ್ತಿ ಇದು, ಕುಲಾವಿಯೋ ಮಳೆಗೆ ಹೊದೆಯೋ ಕಂಬಳಿ ಕೊಪ್ಪೆಯೋ?" ಅಂದರು ವನಜಮ್ಮ. ಪಡಸಾಲೆ ಗೊಳ್ಳೆಂದಿತು. ನಾಗೇಶನೂ ನಕ್ಕ, ಗಿರೀಶ ಕಂಬದ ಹಿಂದೆ ಹೋಗಿ ನಕ್ಕರು. ಮಮತಾ ನಗಲಿಲ್ಲ. ಕುಲಾವಿಯನ್ನು ಮೆಲ್ಲಗೆ ಎತ್ತಿ ಕೂಸಿನ ಮೂಗು ಬಿಡಿಸಿ ನನ್ನನ್ನೇ ನೋಡಿದಳು.

ಕಾಯಿಯ ವಿಷಯ ಹೇಳಲು ಶುರುಮಾಡಿದೆ, ಬಾಯಿ ಎಲ್ಲೆಲ್ಲಿಗೋ ಹೋಯಿತು. "ಕಾಯಿ ದಪ್ಪ ಆತು ಮಮತಾ. ಮೊದಲಿನ ಕಾಯಿ ಚಟ್ನಿಗೆ ಹೋತು. ಅವತ್ತು ನಾನು ಹಂಗ ಅನ್ನಬಾರದಿತ್ತು. ತಪ್ಪಾತು ಕಣವ್ವ. ಐದು ವರ್ಷದಿಂದ ಹೇಳಬೇಕು ಅಂತ ಇದ್ದೆ, ಆಗಲಿಲ್ಲ."

ನಗು ನಿಂತಿತು. ಎಲ್ಲರೂ ಮಮತನ ಮುಖ ನೋಡಿದರು.

"ಹೂಂ ಅತ್ತಿಗೆ" ಅಂದಳು ಮಮತಾ.

ಮುಗಿಯಿತು, ಇನ್ನು ಇಷ್ಟೇ ಅಂದುಕೊಂಡೆ. ಅಷ್ಟರಲ್ಲಿ ಹೆಸರಿಡುವ ಹೊತ್ತಾಯಿತು. ನಮ್ಮ ಕಡೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು, ಸುತ್ತಲಿನ ಹೆಂಗಸರು "ಕುರ್ರ್" ಎನ್ನುತ್ತ ಅವಳ ಬೆನ್ನಿಗೆ ಗುದ್ದಬೇಕು. ಶಾಸ್ತ್ರಕ್ಕೆ ಗುದ್ದುವುದು, ಹತ್ತಿಯ ಪೆಟ್ಟು. ಬಗ್ಗಿದೆ. "ಬೀರೇಶ" ಅಂದೆ. ಹತ್ತಿಯ ಪೆಟ್ಟೇ ಬಿತ್ತು. ಮತ್ತೆ "ಬೀರೇಶ" ಅಂದೆ. ಇನ್ನೊಂದು ಬಿತ್ತು. ಮೂರನೇ ಸಲ "ಬೀರೇ..." ಅನ್ನುವಷ್ಟರಲ್ಲಿ ಬೆನ್ನಿನ ನಡುಮಧ್ಯಕ್ಕೆ ದಬ್ ಅಂತ ಒಂದು ಬಿತ್ತು ನೋಡಿ, "ಶ" ಅನ್ನುವ ಜಾಗದಲ್ಲಿ "ಅಯ್ಯಮ್ಮಾ" ಬಂತು!

ತಿರುಗಿದರೆ ಮಮತಾ! ಎದ್ದು ನಿಂತಿದ್ದಳು, ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. (ಬಾಣಂತಿಗೆ ಶಕ್ತಿ ಇರುವುದಿಲ್ಲ ಅನ್ನುವವರು ನನ್ನ ಬೆನ್ನು ನೋಡಲಿ. ಅಂಟಿನುಂಡೆ ಸುಮ್ಮನೆ ತಿನ್ನಿಸುವುದಿಲ್ಲ.)

"ಎಂತ ಮಾಡ್ತಿದ್ದೀಯೇ! ಬಾಣಂತಿ ಅಲ್ದನಾ ನೀನು!" ವನಜಮ್ಮ ಕೂಗಿಕೊಂಡರು.

"ಇರಮ್ಮ," ಅಂದಳು ಮಮತಾ. "ಅತ್ತಿಗೆ, ಇದು ಆ ಐದು ವರ್ಷದ್ದು. ಇವತ್ತಿಗೆ ತೀರ್ತು." ಹೇಳುತ್ತ ಹೇಳುತ್ತ ಅವಳ ತುಟಿ ಅದುರಿತು, ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ನನಗೆ ಮೊದಲೇ ಬಂದಿತ್ತು. ಅವಳು ಕುಲಾವಿಯನ್ನು ಮಡಿಸಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು. "ಇದು ಇವನ ತಲೆಗೆ ಸರಿಯಾಗೋಕೆ ಎರಡು ವರ್ಷನಾದ್ರೂ ಬೇಕು. ತಿಂಗಳಿಗೊಂದ್ಸಲ ಬಂದು ಹಾಕಿ ನೋಡ್ಕೊಂಡು ಹೋಗಿ. ಬರದಿದ್ರೆ ಇನ್ನೊಂದು ಗುದ್ದು ಬಾಕಿ ಇಟ್ಕೊಂಡಿರ್ತೀನಿ."

ವಾಪಸು ಬಸ್ಸಿನಲ್ಲಿ ಸೀಟಿಗೆ ಒರಗಲಾಗದೆ ನೆಟ್ಟಗೆ ಕೂತಿದ್ದೆ. ಗಿರೀಶ ನೋಡಿ ನೋಡಿ ಕೇಳಿದರು, "ಭಾಳ ನೋಯ್ತಾ ಐತೇನೆ? ಇಳಿದ ಕೂಡ್ಲೇ ಮುಲಾಮು ತಗೊಂಡು ತಿಕ್ತೀನಿ."

"ಬ್ಯಾಡ ರೀ," ಅಂದೆ. "ಇನ್ನೊಂದೆರಡು ದಿನ ನೋಯ್ಲಿ ಬಿಡ್ರಿ."