ಮನೆಗೆಲಸದಂಥ ಹಗುರ ಕೆಲಸ

ಬೆಳಕು ಹರಿಯುವ ಮೊದಲು ಲಕ್ಷ್ಮಮ್ಮ ಮಾಡಿದ್ದು ಇಷ್ಟು. ನಾಲ್ಕೂವರೆಗೆ ಎದ್ದು ನಲ್ಲಿ ನೀರು ಹಿಡಿದಳು, ಎಂಟು ಬಿಂದಿಗೆ, ಎಡಗೈಯಲ್ಲಿ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಳು, ಅದೂ ಎಡಗೈಯಲ್ಲಿ, ಆದ್ದರಿಂದ ಸೊಟ್ಟಗೆ. ರಾತ್ರಿಯ ಪಾತ್ರೆ ಬೆಳಗಿದಳು. ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ನಡೆಸಿಕೊಂಡು ಹೋಗಿ ಬಂದಳು. ಐದು ಜನಕ್ಕೆ ಉಪ್ಪಿಟ್ಟು ಕೆದಕಿ, ಮೂರು ಡಬ್ಬಿಗೆ ಚಿತ್ರಾನ್ನ ತುಂಬಿದಳು. ಮಗಳ ಕಾಲೇಜಿನ ಚೂಡಿದಾರಕ್ಕೆ ಇಸ್ತ್ರಿ ಹಾಕಿದಳು. ಹಗಲು ಅತ್ತೆಯನ್ನು ಕೂರಿಸಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಬಂದಳು. ಗಂಡನನ್ನು ಎಬ್ಬಿಸಿದಳು, ಮೂರು ಸಲ.

ಆರೂಕಾಲಿಗೆ ಗಂಡ ಮಹದೇವು ಎದ್ದು, ಕಾಫಿ ಕುಡಿದು, "ಇವತ್ತು ಡಾಕ್ಟ್ರ ಮುಂದೆ ಕೈ ಆಡಾದೇ ಇಲ್ಲ ಅಂತ ಹೇಳ್ಬುಡು" ಎಂದ. ಆಗ ಶುರುವಾದ ಮಾತು ಬೋಗಾದಿಯಿಂದ ಆಟೋ ಹತ್ತಿ, ಹತ್ತು ಗಂಟೆಯ ಹೊತ್ತಿಗೆ ಸರ್ಕಾರಿ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಬಂದು ಕುಳಿತಿತ್ತು. ಬೆಂಚಿನ ಆ ತುದಿಯಲ್ಲಿ ಫೈಲು ತೆರೆದುಕೊಂಡು ವಕೀಲೆ ಸುಷ್ಮಿತಾ.

ಮಹದೇವು: ಆಡಾದೇ ಇಲ್ಲ ಅಂದ್ರೆ ಆಯ್ತಪ್ಪ. ಒಂದೇ ಮಾತು.

ಲಕ್ಷ್ಮಮ್ಮ: ಆಡ್ತದಲ್ಲ.

ಮಹದೇವು: ಆಡ್ತದೆ ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ಅವ್ರಿಗೆ ಯಾಕೆ?

ಲಕ್ಷ್ಮಮ್ಮ: ಅವ್ರು ಡಾಕ್ಟ್ರು ಕಣ್ರೀ. ಕೈ ಹಿಡ್ಕೊಂಡು ನೋಡ್ತಾರೆ. ಆಡ್ಸೂ ನೋಡ್ತಾರೆ.

ಮಹದೇವು: ಆಡ್ಸಿದ್ರೆ ಕಿರುಚ್ಕೊ.

ಲಕ್ಷ್ಮಮ್ಮ: ಕಿರುಚ್ಕೊಂಡು ನಂಗೆ ಅಭ್ಯಾಸ ಇಲ್ಲ. ಇಷ್ಟು ವರ್ಷ ಆದ್ಮೇಲೆ ಹೊಸ್ದಾಗಿ ಶುರು ಮಾಡಕ್ಕೆ ಆಗಲ್ಲ.

ಎಂಟು ತಿಂಗಳ ಹಿಂದೆ, ಅಡುಗೆ ಕೆಲಸಕ್ಕಿದ್ದ ಪಿಜಿಯಲ್ಲಿ, ಅರವತ್ತು ಹುಡುಗರ ಸಾಂಬಾರಿನ ದಬರಿ ಹಿಡಿದು ಬರುವಾಗ ಲಕ್ಷ್ಮಮ್ಮ ಒದ್ದೆ ನೆಲದಲ್ಲಿ ಜಾರಿದ್ದಳು. ದಬರಿ ಬಿಡಲಿಲ್ಲ. ಸಾಂಬಾರು ಚೆಲ್ಲಲಿಲ್ಲ. ಬಲಭುಜದ ಸ್ನಾಯು ಹರಿಯಿತು. ಪಿಜಿ ಓನರ್ ಯೋಗೇಂದ್ರ ಲೇಬರ್ ಆಫೀಸಿಗೆ ಬರೆದುಕೊಟ್ಟ ಮೊದಲ ಉತ್ತರದಲ್ಲಿ, ಆ ದಿನ ಎಲ್ಲರೂ ಹೊಟ್ಟೆ ತುಂಬ ಊಟ ಮಾಡಿದ್ದಾರೆ, ಆದ್ದರಿಂದ ಅಪಘಾತ ನಡೆದಿಲ್ಲ ಎಂದಿತ್ತು. ಅದನ್ನು ಲೇಬರ್ ಆಫೀಸು ಒಪ್ಪಲಿಲ್ಲ. ಆದರೆ ಓನರ್ ತೋರಿಸಿದ ಡಾಕ್ಟರು ಆಪರೇಷನ್ ಬೇಕಿಲ್ಲ ಎಂದು ಬರೆದುಕೊಟ್ಟದ್ದನ್ನು ಒಪ್ಪಿತು. ಅದರ ಮೇಲೆ ಈ ಅಪೀಲು. ಸರ್ಕಾರಿ ಡಾಕ್ಟರುಗಳ ಮಂಡಳಿ ಇನ್ನೊಮ್ಮೆ ನೋಡಿ ವರದಿ ಕೊಡಲಿ ಎಂದು ಆದೇಶವಾಗಿತ್ತು. ಅವರು ನೋಡುವ ದಿನ ಇವತ್ತು.

ಸುಷ್ಮಿತಾ: ಇಬ್ರೂ ಒಂದು ನಿಮಿಷ ಕೇಳಿ. ಇವತ್ತಿನ ವರದಿ ನಮ್ಮ ಕಡೆ ಬಂದ್ರೆ ಓನರ್ ಆಪರೇಷನ್ ಮಾಡಿಸ್ಲೇಬೇಕು. ಬರದೇ ಇದ್ರೆ ಕೈ ಹೀಗೇ ಉಳಿಯತ್ತೆ. ಇನ್ನು ತಡ ಆದ್ರೆ ಹೊಲಿದ್ರೂ ಕೂಡಲ್ಲ ಅಂತ ಸ್ಕ್ಯಾನ್ ನೋಡಿದವರು ಹೇಳಿದಾರೆ. ಹಾಗಾಗಿ ಸುಳ್ಳು ಬೇಡ.

ಮಹದೇವು: ಸುಳ್ಳಲ್ಲ ಮೇಡಂ. ಸ್ವಲ್ಪ ಜಾಸ್ತಿ ಹೇಳಾದು.

ಸುಷ್ಮಿತಾ: ಹೋದ ಸಲ ಜಾಸ್ತಿ ಹೇಳಿದ್ದಕ್ಕೇ ನಾವು ಇವತ್ತು ಇಲ್ಲಿ ಕೂತಿರೋದು.

ಲಕ್ಷ್ಮಮ್ಮ: ಯಾರು ಹೇಳಿದ್ದು?

ಸುಷ್ಮಿತಾ ಫೈಲಿನಿಂದ ಒಂದು ಹಾಳೆ ತೆಗೆದಳು. ಮಹದೇವು ಎದುರು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಓದತೊಡಗಿದ.

ಸುಷ್ಮಿತಾ: ಓನರ್ ಕಡೆ ಡಾಕ್ಟರ್ ಬರೆದದ್ದು ಓದ್ತೀನಿ. "ಭಾರಿ ಕೆಲಸ ಸಾಧ್ಯವಿಲ್ಲ. ಮನೆಗೆಲಸದಂಥ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ. ರೋಗಿಯ ಪತಿಯು ತಿಳಿಸಿದಂತೆ, ರೋಗಿಯು ಮನೆಯ ಎಲ್ಲ ಕೆಲಸವನ್ನೂ ಆರಾಮವಾಗಿ ಮಾಡಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ."

ಲಕ್ಷ್ಮಮ್ಮ: ರೋಗಿ ಅಂದ್ರೆ ನಾನು.

ಸುಷ್ಮಿತಾ: ಹೌದು.

ಲಕ್ಷ್ಮಮ್ಮ: ಪತಿ ಅಂದ್ರೆ ಇವ್ರು.

ಸುಷ್ಮಿತಾ: ನಿಮ್ಗೆ ಬೇರೆ ಯಾರೂ ಇಲ್ಲ ಅಲ್ವಾ?

ಲಕ್ಷ್ಮಮ್ಮ: ಇಲ್ಲ ಮೇಡಂ. ಇದ್ದಿದ್ರೆ ಅವ್ರನ್ನೇ ಕರ್ಕೊಂಡು ಹೋಗ್ತಿದ್ದೆ.

ಮಹದೇವು: ಲಸಿಕೆ ಒಂದೂವರೆ ತಿಂಗಳಿಗೆ ಆಕ್ಬೇಕಂತೆ.

ಲಕ್ಷ್ಮಮ್ಮ: ಇಲ್ಲಿ ನೋಡಿ. ಯಾವಾಗ ಹೇಳಿದ್ರಿ ಇದನ್ನ? ನಾನೂ ಅಲ್ಲೇ ಇದ್ನಲ್ಲ.

ಮಹದೇವು: ನೀನು ಪರದೆ ಹಿಂದೆ ರವಿಕೆ ಗುಂಡಿ ಹಾಕ್ಕತಿದ್ದೆ. ಒಂದೇ ಕೈ ಅಲ್ವಾ, ಲೇಟಾಯ್ತು. ಡಾಕ್ಟ್ರು ಸುಮ್ನೆ ಕೂತಿದ್ರು. ಮನೇಲಿ ಎಂಗಿದಾರಪ್ಪ ಅಂದ್ರು. ಆರಾಮಾಗವ್ಳೆ ಸಾ ಅಂದೆ.

ಲಕ್ಷ್ಮಮ್ಮ: ಆರಾಮಾಗಿದ್ನಾ?

ಮಹದೇವು: ದೊಡ್ಡ ಮನುಸ್ರು ಎಂಗಿದೀರ ಅಂದ್ರೆ ಏನ್ ಹೇಳಾದು? ಆರಾಮು ಅಂತಾನೆ ಹೇಳಾದು. ಮರ್ಯಾದೆ ಅದು. ಆಮೇಲೆ ಅಡುಗೆ ಯಾರು ಮಾಡ್ತಾರೆ ಅಂದ್ರು. ಇವ್ಳೇ ಅಂದೆ. ಪಾತ್ರೆ, ಬಟ್ಟೆ? ಇವ್ಳೇ ಅಂದೆ. ನಮ್ಮವ್ವನ್ನ ನೋಡ್ಕಳಾದು? ಅದೂ ಇವ್ಳೇ. ಒಂಚೂರೂ ತೊಂದ್ರೆ ಕೊಡಲ್ಲ ಸಾ, ಚಿನ್ನದಂಥವ್ಳು ಅಂದೆ.

ಲಕ್ಷ್ಮಮ್ಮ: ಚಿನ್ನದಂಥವಳು ಅಂತ ಬರ್ದಿಲ್ವಾ ಮೇಡಂ?

ಸುಷ್ಮಿತಾ: ಅದೊಂದು ಬಿಟ್ಟಿದಾರೆ.

ಮಹದೇವು: ನಿನ್ನ ಒಗಳಿದ್ನಮ್ಮಿ ನಾನು! ಮದುವೆ ಆದಾಗಿಂದ ಒಂದು ಒಳ್ಳೆ ಮಾತಿಲ್ಲ ಅಂತಿದ್ದೆ. ಒಂದು ಸಲ ಒಗಳಿದ್ರೆ ಕೋರ್ಟಿಗೆ ಬಂತು.

ಬಿಳಿ ಕೋಟಿನ ಇಬ್ಬರು ಮಾತಾಡಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಲಕ್ಷ್ಮಮ್ಮ ಹಾಳೆಯನ್ನು ತೆಗೆದುಕೊಂಡು, ಓದಿದ ಸಾಲನ್ನು ಬೆರಳಿಟ್ಟು ಹುಡುಕಿದಳು.

ಲಕ್ಷ್ಮಮ್ಮ: ಮೇಡಂ, ಪಿಜಿಲಿ ಅರವತ್ತು ಜನಕ್ಕೆ ಅನ್ನ ಬಸಿಯೋದು ಭಾರಿ ಕೆಲಸ.

ಸುಷ್ಮಿತಾ: ಹೌದು, ಅದನ್ನ ಅವ್ರೂ ಒಪ್ಪಿದಾರೆ.

ಲಕ್ಷ್ಮಮ್ಮ: ಮನೇಲಿ ಐದು ಜನಕ್ಕೆ ಬಸಿಯೋದು ಹಗುರ. ಹಂಗಾದ್ರೆ ಎಷ್ಟನೇ ಜನಕ್ಕೆ ಭಾರ ಶುರುವಾಗ್ತದೆ?

ಸುಷ್ಮಿತಾ: ಕಾನೂನಲ್ಲಿ ಅದಿಲ್ಲ.

ಲಕ್ಷ್ಮಮ್ಮ: ಆ ಡಾಕ್ಟ್ರ ಮನೇಲಿ ಯಾರು ಅಡುಗೆ ಮಾಡೋದು?

ಸುಷ್ಮಿತಾ: ಯಾರೋ ಅಡುಗೆಯವರು ಇರ್ಬೇಕು.

ಲಕ್ಷ್ಮಮ್ಮ: ಸಂಬಳ ಕೊಡ್ತಾರಾ?

ಸುಷ್ಮಿತಾ: ಕೊಡ್ದೆ ಯಾರು ಮಾಡ್ತಾರೆ?

ಲಕ್ಷ್ಮಮ್ಮ ತನ್ನ ಕಡೆಗೆ ಎಡಗೈ ತೋರಿಸಿಕೊಂಡಳು. ಸುಷ್ಮಿತಾ ಫೈಲಿನಲ್ಲಿ ಏನೋ ಬರೆದುಕೊಂಡಳು.

ಲಕ್ಷ್ಮಮ್ಮ: ಹಂಗಾದ್ರೆ ಅವ್ರ ಮನೆ ಅಡುಗೆ ಭಾರಿ ಕೆಲಸ. ಸಂಬಳ ಕೊಟ್ರೆ ಭಾರ, ಕೊಡ್ದೆ ಇದ್ರೆ ಹಗುರ. ಈಗ ಅರ್ಥ ಆಯ್ತು ಬುಡಿ.

ಮಹದೇವು: ಹಗುರ ಕೆಲಸ ಅಂದ್ರೆ ಏನು ಅಂತ ನಂಗೊತ್ತು ಮೇಡಂ. ಎರಡು ವರ್ಷದ ಕೆಳಗೆ ಗೂಡ್ಸ್ ಆಟೋಗೆ ಮೂಟೆ ಹಾಕ್ವಾಗ ನಂಗೂ ಸೊಂಟ ಹಿಡ್ಕಂಡಿತ್ತು. ಭಾರ ಎತ್ಬೇಡಿ, ಹಗುರ ಕೆಲಸ ಮಾಡ್ಕಂಡಿರಿ ಅಂದಿದ್ರು ಡಾಕ್ಟ್ರು.

ಸುಷ್ಮಿತಾ: ಏನು ಮಾಡಿದ್ರಿ?

ಮಹದೇವು: ಮಲಗಿದ್ದೆ.

ಸುಷ್ಮಿತಾ: ಎಷ್ಟು ದಿನ?

ಲಕ್ಷ್ಮಮ್ಮ: ಒಂದೂವರೆ ತಿಂಗಳು.

ಸುಷ್ಮಿತಾ: ಮನೆಗೆಲಸ ಮಾಡಬಹುದು ಅಂತ ನಿಮ್ಗೆ ಹೇಳಲಿಲ್ವಾ?

ಮಹದೇವು: ಗಂಡಸರ ವಾರ್ಡಲ್ಲಿ ಅಂಗೆಲ್ಲ ಮಾತಾಡಲ್ಲ ಮೇಡಂ.

ಮಹದೇವು ತೊಡೆಗೆ ಕೈ ಬಡಿದುಕೊಂಡು ನೆಟ್ಟಗೆ ಕುಳಿತ. ಅವನಿಗೆ ಉಪಾಯ ಹೊಳೆದಿತ್ತು.

ಮಹದೇವು: ಆಯ್ತು. ನನ್ನಿಂದ ಕೆಟ್ಟಿದ್ದು, ನಾನೇ ಸರಿ ಮಾಡ್ತೀನಿ. ಒಳಗೆ ನಾನೂ ಬತ್ತೀನಿ. ಅವತ್ತು ನಾಚ್ಕೊಂಡು ಅಂಗಂದೆ ಸಾ, ನಿಜವಾಗ್ಲೂ ಎಂಟು ತಿಂಗಳಿಂದ ಮನೆ ಕೆಲಸ ಎಲ್ಲಾ ನಾನೇ ಮಾಡ್ತಾ ಇವ್ನಿ ಅಂತೀನಿ.

ಸುಷ್ಮಿತಾ: ಎಲ್ಲಾ?

ಮಹದೇವು: ಎಲ್ಲಾ. ಇವ್ಳು ಲೋಟನೂ ಎತ್ತಲ್ಲ ಅಂತೀನಿ.

ಸುಷ್ಮಿತಾ: ಸರಿ. ಓನರ್ ಕಡೆ ವಕೀಲರು ನಿಮ್ಮನ್ನ ಕೇಳೋ ಹಾಗೆ ನಾನು ಕೇಳ್ತೀನಿ. ಬೆಳಗ್ಗೆ ನಲ್ಲೀಲಿ ನೀರು ಎಷ್ಟೊತ್ತಿಗೆ ಬರತ್ತೆ?

ಮಹದೇವು: ನಾನು ಏಳೋ ಹೊತ್ಗೆ ತುಂಬಿರ್ತದೆ.

ಸುಷ್ಮಿತಾ: ಬೇಳೆಗೆ ಕುಕ್ಕರ್ ಎಷ್ಟು ಸಲ ಕೂಗಿಸ್ತೀರಿ?

ಮಹದೇವು: ಕೂಗೋದು ಕೇಳಿದೀನಿ. ಎಣಿಸಿಲ್ಲ.

ಸುಷ್ಮಿತಾ: ಉಪ್ಪಿನ ಡಬ್ಬಿ ಎಲ್ಲಿದೆ?

ಮಹದೇವು: ಅಡುಗೆಮನೇಲಿ.

ಸುಷ್ಮಿತಾ: ಅಡುಗೆಮನೇಲಿ ಎಲ್ಲಿ?

ಮಹದೇವು: ಇವ್ಳು ಕೈ ಚಾಚಿದ ಕಡೆ ಇರ್ತದೆ.

ಸುಷ್ಮಿತಾ: ನಿಮ್ಮ ತಾಯಿಯವರ ಬಿಪಿ ಮಾತ್ರೆ ಯಾವ ಬಣ್ಣ?

ಮಹದೇವು: ಇದು ಗೊತ್ತು! ಬಿಳೀದು. ನಾನೇ ಅಂಗಡಿಯಿಂದ ತತ್ತಿದ್ದೆ.

ಲಕ್ಷ್ಮಮ್ಮ: ಯುಗಾದಿಯಿಂದ ಗುಲಾಬಿ.

ಮಹದೇವು: ಮಾತ್ರೆ ಬದಲಾಗಿದ್ನ ಯಾರೂ ನಂಗೆ ಯೋಳ್ಲಿಲ್ಲ.

ಲಕ್ಷ್ಮಮ್ಮ: ಎಂಟು ತಿಂಗಳಿಂದ ನೀವೇ ಕೊಡ್ತಾ ಇದೀರಲ್ಲ, ಗೊತ್ತಿರ್ತದೆ ಅಂದ್ಕೊಂಡೆ.

ಮಹದೇವು: ಮೇಡಂ, ಇದು ಸರಿಯಲ್ಲ. ಮನೆ ಕೆಲಸ ಅಂದ್ರೆ ಕೆಲಸ ಕೇಳಿ. ಇದೇನು ಪರೀಕ್ಷೆ ತರ.

ಸುಷ್ಮಿತಾ: ಇನ್ನೊಂದೇ ಪ್ರಶ್ನೆ. ಇವತ್ತು ಬೆಳಗ್ಗೆ ಮನೇಲಿ ನೀವೇನು ಮಾಡಿದ್ರಿ?

ಮಹದೇವು ಬಹಳ ಹೊತ್ತು ಯೋಚಿಸಿದ. ಸುಳ್ಳು ಹುಡುಕುತ್ತಿರುವವನಂತೆ ಕಾಣಲಿಲ್ಲ.

ಮಹದೇವು: ಬಾಗಿಲು ಆಕ್ದೆ. ಬೀಗ ಇವ್ಳು ಆಕಿದ್ಲು.

ಸುಷ್ಮಿತಾ ಫೈಲು ಮುಚ್ಚಿದಳು.

ಸುಷ್ಮಿತಾ: ಇವ್ರು ಒಳಗೆ ಹೋಗಿ ಹೀಗೆ ಹೇಳಿದ್ರೆ ನಿಜಾನೂ ಸುಳ್ಳಾಗತ್ತೆ ಲಕ್ಷ್ಮಮ್ಮ. ಮನೇಲಿ ಕೆಲಸ ಮಾಡ್ತೀರಾ ಅಂತ ಅವ್ರು ಕೇಳೇ ಕೇಳ್ತಾರೆ. ಹೌದು ಅಂದ್ರೆ, ನೋಡಿ, ಕೆಲಸ ಮಾಡ್ತಾರೆ, ಆಪರೇಷನ್ ಯಾಕೆ ಅಂತ ಅವರ ವಕೀಲರು ಹೇಳ್ತಾರೆ. ಇಲ್ಲ ಅಂದ್ರೆ, ಮತ್ತೆ ಯಾರು ಮಾಡ್ತಾರೆ ಅಂತ ಕೇಳ್ತಾರೆ.

ಲಕ್ಷ್ಮಮ್ಮ: ಏನಂತ ಹೇಳ್ಲಿ?

ಸುಷ್ಮಿತಾ: ಅದನ್ನ ನಾನು ಹೇಳಿಕೊಡೋ ಹಾಗಿಲ್ಲ. ನಾನು ಒಳಗೂ ಬರೋ ಹಾಗಿಲ್ಲ.

ಮಹದೇವು: ಅದಕ್ಕೇ ನಾನು ಬತ್ತೀನಿ ಅನ್ನಾದು.

ಬಾಗಿಲು ತೆರೆದು ಅಟೆಂಡರ್ ದೇವಯ್ಯ ಚೀಟಿ ನೋಡಿ ಕೂಗಿದ, "ಲಕ್ಷ್ಮಮ್ಮ, ಗಂಡನ ಹೆಸರು ಮಹದೇವು!" ಮಹದೇವು ಎದ್ದು ನಿಂತು ಅಂಗಿ ಸರಿಮಾಡಿಕೊಂಡ.

ದೇವಯ್ಯ: ಪೇಷೆಂಟ್ ನೀವಾ?

ಮಹದೇವು: ಇವ್ಳು. ನಾನು ಜೊತೆಗೆ.

ದೇವಯ್ಯ: ಒಬ್ರು ಬರ್ಬೋದು. ಪೇಷೆಂಟ್ ಬೇಕು ಅಂದ್ರೆ.

ಲಕ್ಷ್ಮಮ್ಮ: ಬೇಡ.

ಮಹದೇವು: ಬೇಡ ಅಂದ್ರೆ? ಅವ್ರು ಏನಾರ ಕೇಳಿದ್ರೆ?

ಲಕ್ಷ್ಮಮ್ಮ: ಈ ಸಲ ನನ್ನನ್ನ ಕೇಳ್ಲಿ.

ಮಹದೇವು: ಮತ್ತೆ ನಾನಿಲ್ಲಿ ಏನ್ಮಾಡ್ಲಿ?

ಲಕ್ಷ್ಮಮ್ಮ: ಬ್ಯಾಗ್ ಹಿಡ್ಕೊಂಡಿರಿ. ಹಗುರಾಗಿದೆ.

ಒಳಗೆ ಮೇಜಿನ ಹಿಂದೆ ಮೂವರು. ನಡುವೆ ಕುಳಿತಿದ್ದ ಡಾಕ್ಟರಮ್ಮ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಎದ್ದು ಬಂದು ಲಕ್ಷ್ಮಮ್ಮನ ಎದುರು ನಿಂತರು.

ಡಾಕ್ಟರಮ್ಮ: ಮನೇಲಿ ಕೆಲಸ ಮಾಡ್ತೀರಾ?

ಲಕ್ಷ್ಮಮ್ಮ: ಮಾಡ್ತೀನಿ.

ಡಾಕ್ಟರಮ್ಮ: ನೋವಾಗಲ್ವಾ?

ಲಕ್ಷ್ಮಮ್ಮ: ಅದನ್ನ ಯಾರೂ ಕೇಳಿರ್ಲಿಲ್ಲ. ಆಗ್ತದೆ.

ಪಕ್ಕದಲ್ಲಿದ್ದವರು ಬರೆದುಕೊಂಡರು.

ಡಾಕ್ಟರಮ್ಮ: ಬಲಗೈ ನಿಧಾನಕ್ಕೆ ಮೇಲೆತ್ತಿ. ನೋವು ಶುರುವಾದ ಕಡೆ ನಿಲ್ಲಿಸ್ಬೇಕು.

ಲಕ್ಷ್ಮಮ್ಮ ಕೈ ಎತ್ತಿದಳು. ನೋವು ಶುರುವಾಗುವ ಜಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ನೂರು ಸಲ ಅದನ್ನು ದಾಟಿಕೊಂಡು ಹೋಗುತ್ತಿದ್ದಳು, ಹಾಲಿನ ಪಾತ್ರೆಗೆ, ಒಗೆದ ಬಟ್ಟೆಯ ತಂತಿಗೆ. ಅಲ್ಲಿ ನಿಲ್ಲಬಹುದು ಎಂಬುದು ಮಾತ್ರ ಹೊಸದು. ಕೈ ಸೊಂಟ ದಾಟಿತು. ಎದೆಯ ಕೆಳಗೆ ಬಂತು. ಅಲ್ಲಿ ನಿಂತಿತು.

ಡಾಕ್ಟರಮ್ಮ: ಅಷ್ಟೇನಾ? ಇನ್ನೂ ಮೇಲೆ ಹೋಗೋದೇ ಇಲ್ವಾ?

ಲಕ್ಷ್ಮಮ್ಮ: ಹೋಗ್ತದೆ ಡಾಕ್ಟ್ರೇ. ದಿನಾ ಹೋಗ್ತದೆ. ಇವತ್ತು ನಾನು ಕಳ್ಸಲ್ಲ.