ಮನಸ್ಸು ಮಾಡಿ ಹಿಂದೆ ಹೋಗುವುದು

ಮನುಷ್ಯನಿಗೆ ಒಂದು ವಿಷಯದಲ್ಲಾದರೂ ಯಾರಿಗೂ ಸೊಪ್ಪು ಹಾಕದಷ್ಟು ಧೈರ್ಯ ಇರಬೇಕು. ನನಗದು ‘ರಿಟ್ರೀಟ್’ ಮತ್ತು ‘ರಿಸೀಡ್’ ಎಂಬ ಎರಡು ಶಬ್ದಗಳ ವಿಷಯದಲ್ಲಿ ಇದೆ. ಪುತ್ತೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಎರಡೂ ಹಿಂದೆ ಸರಿಯುವುದೇ. ಆದರೆ ರಿಟ್ರೀಟ್‌ಗೆ ಮನಸ್ಸು ಮಾಡಬೇಕು, ರಿಸೀಡ್ ತನ್ನಷ್ಟಕ್ಕೆ ಆಗುತ್ತದೆ. ಸೈನ್ಯದ್ದು ಮೊದಲನೆಯದು, ನೆರೆನೀರಿನದ್ದು ಎರಡನೆಯದು. ಇಷ್ಟಕ್ಕೂ ಅರ್ಥವಾಗದವರಿಗೆ ನನ್ನ ಹಣೆ ತೋರಿಸುತ್ತಿದ್ದೆ. ಅಲ್ಲಿಂದ ಕೂದಲು ಹಿಂದೆ ಹೋದದ್ದು ನನ್ನನ್ನು ಕೇಳಿಕೊಂಡಲ್ಲ. ಇಡೀ ಕ್ಲಾಸಿಗೆ ಕೂಡಲೇ ಅರ್ಥವಾಗುತ್ತಿತ್ತು.

ಆದರೆ ಕಾರನ್ನು ಹಿಂದಕ್ಕೆ ಬಿಡಲು ನನಗೆ ಬರುವುದಿಲ್ಲ. ಪೇಟೆಯಲ್ಲಿ ಮುಂದಕ್ಕೇ ಹೊರಡಬಹುದಾದ ಜಾಗ ಸಿಗುವ ತನಕ ಹೋಗಿ, ಅಲ್ಲಿ ನಿಲ್ಲಿಸಿ, ಅರ್ಧ ಮೈಲಿ ನಡೆದು ಬರುತ್ತೇನೆ. ಕೇಳಿದವರಿಗೆ ಶುಗರಿನ ನೆಪ ಹೇಳುತ್ತೇನೆ. ಹೆಂಡತಿ ಸುಮತಿ ಪಂಜದ ತವರಿನಲ್ಲಿ ರಬ್ಬರ್ ಶೀಟಿನ ಪಿಕಪ್ ಓಡಿಸಿ ಪಳಗಿದವಳು. ಆದರೂ ಸ್ಟಿಯರಿಂಗ್ ಬಿಟ್ಟುಕೊಟ್ಟವನಲ್ಲ ನಾನು.

ಮೊನ್ನೆ ಮರ್ಕಂಜದಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ನಮ್ಮಲ್ಲಿ ಸೋದರಮಾವ ಎದುರು ಕೂರದೆ ವೀಳ್ಯ ಬದಲಿಸುವಂತಿಲ್ಲ. ಆ ಮಾವ ನಾನೇ. ಸುಮತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ತಂಗಿಯ ಮನೆಗೆ ಇನ್ನೊಂದೇ ಇಳಿಜಾರು ಎನ್ನುವಾಗ ಒಂದೇ ಗಾಡಿ ಹಿಡಿಯುವ ಆ ದಾರಿಯಲ್ಲಿ ಎದುರಿನಿಂದ ಗೊಬ್ಬರ ತುಂಬಿದ ಜೀಪು ಏರಿ ಬಂತು. ಲೋಡು ಹೊತ್ತು ಏರುವವನಿಗೆ ಖಾಲಿ ಇಳಿಯುವವನು ದಾರಿ ಬಿಡಬೇಕು, ಇದು ನಮ್ಮ ಕಡೆಯ ಪದ್ಧತಿ. ನಾನು ಗೊತ್ತಿಲ್ಲದವನಂತೆ ಕೂತೆ. ಜೀಪಿನವನು ತಲೆ ಹೊರಗೆ ಹಾಕಿದ. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ.

“ಸರ್, ಸ್ವಲ್ಪ ಹಿಂದೆ ಹೋಗಿ. ಲೋಡು ಉಂಟು, ನನಗೆ ಹಿಂದೆ ಹೋಗ್ಲಿಕ್ಕೆ ಆಗುದಿಲ್ಲ. ನೀವೇ ಹೇಳಿದ್ದಲ್ವಾ, ಮನಸ್ಸು ಮಾಡಿ ಹೋಗುದು ಅಂತ.”

ನಾನು ಮನಸ್ಸು ಮಾಡಿದೆ, ಕಾರು ಮಾಡಲಿಲ್ಲ. ಒಮ್ಮೆ ಇಂಜಿನ್ ಆಫ್ ಆಯಿತು, ಇನ್ನೊಮ್ಮೆ ಹಿಂದಿನ ಚಕ್ರ ಚರಂಡಿಯ ಅಂಚಿಗೆ ಹೋಯಿತು. ಅಷ್ಟರಲ್ಲಿ ತಂಗಿಯ ಫೋನು.

“ಅಣ್ಣ, ಎಲ್ಲಿದ್ದಿ? ಗಂಡಿನವರು ಬಂದು ಕೂತಾಯ್ತು. ಮುಹೂರ್ತ ಕಳೀಲಿಕ್ಕೆ ಹತ್ತೇ ನಿಮಿಷ ಉಂಟು.”

ನಿಜವಾಗಿ ಹೆದರಿದೆ. ನನ್ನ ಜಂಬಕ್ಕೆ ಆ ಹುಡುಗಿಯ ಮುಹೂರ್ತ ಹೋಗುವುದರಲ್ಲಿತ್ತು.

“ನೀವು ಒಮ್ಮೆ ಇಳೀರಿ,” ಎಂದಳು ಸುಮತಿ. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಕನ್ನಡಿ ನೋಡಿಕೊಂಡು, ತಿರುವಿನ ತನಕ ಒಂದೇ ಏಟಿಗೆ ಹಿಂದೆ ಹೋದಳು. ಜೀಪಿನವನು ದಾಟುವಾಗ ನನಗೆ ನಮಸ್ಕಾರ ಮಾಡಿದ. ಅವಳಿಗೂ ಮಾಡಿದ, ಸ್ವಲ್ಪ ಹೆಚ್ಚೇ ಬಾಗಿ.

ವೀಳ್ಯ ಸರಿಯಾದ ಹೊತ್ತಿಗೇ ಬದಲಾಯಿತು. ಹೊರಡುವಾಗ ಕಾರಿನ ಕೀಯನ್ನು ನಾನೇ ಅವಳ ಕೈಗಿಟ್ಟೆ. ಅಂದಿನಿಂದ ನಾನು ಎಡಗಡೆಯ ಸೀಟಿನವನು. ಇದು ಮನಸ್ಸು ಮಾಡಿ ಬಿಟ್ಟುಕೊಟ್ಟದ್ದು, ಅಪ್ಪಟ ರಿಟ್ರೀಟ್ ಎಂದು ಮನೆಗೆ ಬಂದವರಿಗೆಲ್ಲ ವಿವರಿಸುತ್ತೇನೆ. ಸುಮತಿ ನನ್ನ ಹಣೆಯನ್ನೊಮ್ಮೆ ನೋಡುತ್ತಾಳೆ, ಅಷ್ಟೆ.