ಇಬ್ಬರಿಗೂ ಕಿಟಕಿ

“ಹೋದ್ರೆ ಬಿಸ್ನೆಸ್ ಕ್ಲಾಸಲ್ಲೇ ಹೋಗೋದು! ಇಲ್ದಿದ್ರೆ ಹೈದರಾಬಾದು ಇದ್ದಲ್ಲೇ ಇರ್ಲಿ, ನಾವು ತಿತಿಮತೀಲೇ ಇರಾಣ!”

ಏಣಿ ಸಾಂತಪ್ಪ ಹೀಗೆ ಘೋಷಿಸಿದಾಗ ಅಂಗಳದ ಕೋಳಿಗಳೂ ಒಮ್ಮೆ ಕತ್ತೆತ್ತಿ ನೋಡಿದವು. ಸಾಂತಪ್ಪ ತೋಟಗಳಲ್ಲಿ ಮೆಣಸು ಕೊಯ್ಯುವವರಿಗೆ ಬಿದಿರಿನ ಏಣಿ ಮಾಡಿ ಮಾರುವವನು. ಓದು ಐದನೇ ಕ್ಲಾಸು, ಸಿಟ್ಟು ಮಾತ್ರ ಡಬಲ್ ಡಿಗ್ರಿ! ಏಣಿ ಅಲ್ಲಾಡುತ್ತದೆ ಎಂದು ದೂರು ತಂದವರು ಅವನ ಬಾಯಿಗೆ ಸಿಕ್ಕಿ, ತಾವೇ ಅಲ್ಲಾಡಿಕೊಂಡು ಮನೆ ಸೇರುತ್ತಿದ್ದರು.

ಆದರೂ ಈ ಸಲದ ಗರ್ಜನೆಯ ಒಳಗೆ ಒಂದು ಮೆತ್ತನೆಯ ಕನಸು ಕೂತಿತ್ತು.

ಮದುವೆಯಾಗಿ ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ಅವನೂ ಹೆಂಡತಿ ಸುಮಿತ್ರಮ್ಮನೂ ನೆಮ್ಮದಿಯಾಗಿ ಪಕ್ಕಪಕ್ಕ ಕೂತು ಎಲ್ಲಿಗೂ ಹೋದವರಲ್ಲ. ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಏಣಿ ಸಾಗಿಸುವ ಅವನ ಪಿಕಪ್ಪಿನಲ್ಲಿ ಹೋದದ್ದು ಲೆಕ್ಕಕ್ಕಿಲ್ಲ. ಅಲ್ಲಿ ಸಾಂತಪ್ಪನ ಮಾತೆಲ್ಲ ಎದುರಿಗೆ ಬರುವ ಗಾಡಿಗಳ ಜೊತೆ. “ಒಂದ್ಸಲನಾದ್ರೂ ಸ್ಟೇರಿಂಗ್ ಬಿಟ್ಟು, ಯಾರ್ಗೂ ಬೈದೇ ನನ್ನ ಪಕ್ಕ ಕೂತ್ಕಳಿ. ಚಿನ್ನ ಗಿನ್ನ ಏನೂ ಬ್ಯಾಡ ನಂಗೆ” ಎಂದು ಅವಳೊಮ್ಮೆ ಹೇಳಿದ್ದಳು. ಹೈದರಾಬಾದಿನಲ್ಲಿರುವ ಅವಳ ತಂಗಿ ಗೃಹಪ್ರವೇಶಕ್ಕೆ ಕರೆದದ್ದೇ ತಡ, ಆ ಮಾತು ಸಾಂತಪ್ಪನ ಎದೆಯಲ್ಲಿ ಎದ್ದು ಕೂತಿತು.

ಗೋಣಿಕೊಪ್ಪದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ, ಸಾಂತಪ್ಪನ ತಂಗಿಯ ಮಗಳು ರಶ್ಮಿತಾ ಟಿಕೆಟ್ ಮಾಡಲು ಕೂತಳು.

“ಮಾವ, ಬೆಂಗಳೂರಿಂದ ಬರೀ ಒಂದು ಗಂಟೆ ದಾರಿ. ಹಿಂದಿನ ಸೀಟಿಗೆ ಕಾಲು ಭಾಗ ದುಡ್ಡು ಸಾಕು. ಮುಂದೆ ಕೂತವ್ರು ಮೊದ್ಲೇ ಹೋಗಿ ಸೇರ್ತಾರಾ?”

“ಹಿಂದೆ ಒಂದೊಂದು ಕಡೆ ಮೂರ್ಮೂರು ಜನ ಅಂತೆ. ಗಂಡ ಹೆಂಡ್ತಿ ಮಧ್ಯ ಮೂರನೇವ್ನು ಯಾಕಮ್ಮಾ? ಮುಂದೆ ಎರಡೆರಡೇ!”

“ಮೂವತ್ತು ಏಣಿ ದುಡ್ಡು ಮಾವ!”

“ಮೂವತ್ತು ಏಣಿ ಒಂದರ ಮೇಲೊಂದು ನಿಲ್ಸಿದ್ರೂ ಮೋಡ ಸಿಗಾಕಿಲ್ಲ. ಹಾಕು!”

“ಸೀಟು ಯಾವ್ದು?”

“ಅದನ್ನೂ ಕೇಳ್ಬೇಕಾ? ಕಿಟಕಿ! ಇಬ್ರಿಗೂ ಕಿಟಕಿ!”

“ಆದ್ರೆ ಮಾವ…”

“ಹಾಕು ಅಂದೆ!”

ಹಾಕಿದಳು.

ಆಮೇಲಿನ ಮೂರು ವಾರ ಸಾಂತಪ್ಪ ಬಿದಿರು ಸೀಳುತ್ತಿದ್ದದ್ದು ನೆಲದ ಮೇಲೆ, ಇದ್ದದ್ದು ಆಕಾಶದಲ್ಲಿ. ಮೆಣಸು ಕೊಯ್ಯಲು ತಾನೂ ಸಿಲ್ವರ್ ಮರಕ್ಕೆ ಏಣಿ ಒರಗಿಸಿ ತುದಿಗೆ ಹತ್ತಿದಾಗ, ಬೆಳಗಿನ ಮಂಜು ತೋಟದ ಮೇಲೆ ಹಾಲಿನ ಕೆನೆಯಂತೆ ನಿಂತದ್ದನ್ನು ಅವನು ಎಷ್ಟೋ ಸಲ ಕಂಡಿದ್ದ. ಕೆಳಗೆ ಊರಿಲ್ಲ, ಸಾಲವಿಲ್ಲ, ಸದ್ದಿಲ್ಲ. ಬರೀ ಬಿಳಿ. ಅದನ್ನು ಸುಮಿತ್ರಮ್ಮನಿಗೆ ತೋರಿಸೋಣವೆಂದರೆ, ಒಂದೇ ಬಿದಿರಿನ ಗಳದ ಏಣಿಯಲ್ಲಿ ಇಬ್ಬರು ನಿಲ್ಲುವುದು ಹೇಗೆ? ಈಗ ತೋರಿಸುತ್ತಾನೆ! ಅವಳ ತಲೆ ಅವನ ಭುಜಕ್ಕೆ ಒರಗಿರುತ್ತದೆ. ಮೋಡಗಳು ಹಿಂಡು ಹಿಂಡಾಗಿ ಕಿಟಕಿಯ ಪಕ್ಕ ನಡೆದು ಹೋಗುತ್ತಿರುತ್ತವೆ. ಅವನು ಮೆಲ್ಲಗೆ… ಅಷ್ಟರಲ್ಲಿ ಕತ್ತಿ ಬೆರಳಿಗೆ ತಾಗುತ್ತಿತ್ತು. ಮೂರು ವಾರದಲ್ಲಿ ನಾಲ್ಕು ಬ್ಯಾಂಡೇಜು!

ಆ ದಿನವೂ ಬಂತು. ವಿಮಾನದ ಬಾಗಿಲಲ್ಲಿ ಗಗನಸಖಿ ಕೈಮುಗಿದು ಸುಮಿತ್ರಮ್ಮನನ್ನು ಎಡಗಡೆಯ ಕಿಟಕಿಗೆ ಕೂರಿಸಿದಳು. ಸಾಂತಪ್ಪನನ್ನು ಬಲಗಡೆಯ ಕಿಟಕಿಗೆ! ನಡುವೆ ಎರಡು ಖಾಲಿ ಸೀಟು, ಒಂದು ಓಡಾಡುವ ದಾರಿ. ತಿತಿಮತಿಯ ಬಸ್ಸಿನಲ್ಲೂ ಅವರು ಇಷ್ಟು ದೂರ ಕೂತವರಲ್ಲ!

ಸಾಂತಪ್ಪ ತಕ್ಷಣ ಫೋನ್ ಹಚ್ಚಿದ. “ಏನಮ್ಮಾ ರಶ್ಮಿತಾ, ಇದೇನು ಮಾಡಿದ್ದೀಯ?”

“ಮಾವ, ಒಂದು ಸಾಲಲ್ಲಿ ಎರಡೇ ಕಿಟಕಿ ಇರೋದು. ಆ ಕಡೆ ಒಂದು, ಈ ಕಡೆ ಒಂದು. ಹೇಳೋಕೆ ಬಂದೆ. ನೀವು ಹಾಕು ಅಂದ್ರಿ.”

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಇಳಿಸಬೇಕೋ ತಿಳಿಯಲಿಲ್ಲ. ಹೊತ್ತಿಗೆ ಸರಿಯಾಗಿ, ಬಿಳಿ ಶರ್ಟಿನ ಕನ್ನಡಕದವರೊಬ್ಬರು ಬಂದು ಅವನ ಪಕ್ಕದಲ್ಲಿ ಕೂತರು. ಅವರ ಹೆಂಡತಿ ದಾರಿಯ ಆಚೆ, ಸುಮಿತ್ರಮ್ಮನ ಪಕ್ಕ. ಕನ್ನಡಕದವರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ ನಗುತ್ತಾ, “ಸಾರ್, ತಪ್ಪು ತಿಳ್ಕೋಬೇಡಿ, ನೀವು ಸೀಟು ಬಿಟ್ಕೊಟ್ರೆ…” ಎಂದರು.

ಸಿಕ್ಕಿತಲ್ಲ ಜಾಗ!

“ಏನ್ ಸ್ವಾಮಿ, ಕಿಟಕಿ ಕಂಡ ತಕ್ಷಣ ಆಸೆ ಆಗೋಯ್ತಾ? ಮೂವತ್ತು ಏಣಿ ಕೊಟ್ಟಿವ್ನಿ ಇದಕ್ಕೆ! ಪ್ರಾಣ ಹೋದ್ರೂ ಏಳಾಕಿಲ್ಲ!”

ಆ ಮನುಷ್ಯ ಏಣಿಗಳು ಎಲ್ಲಿವೆಯೋ ಎಂಬಂತೆ ಹೆದರಿ ಸುತ್ತ ನೋಡಿ, ಪೇಪರು ಬಿಡಿಸಿ ಅದರ ಹಿಂದೆ ಅಡಗಿಕೊಂಡರು.

ವಿಮಾನ ಏರಿತು. ಬಿಸಿ ಟವಲು ಬಂತು. ಸಾಂತಪ್ಪ ಬೆವರು ಒರೆಸಿಕೊಂಡ. ಕಾಲು ಚಾಚಿದರೂ ಏನೂ ತಾಗದಷ್ಟು ಜಾಗ. ತಟ್ಟೆ ಪಿಂಗಾಣಿ, ಚಮಚ ಉಕ್ಕು. ಇಷ್ಟೆಲ್ಲ ಇದ್ದೂ ದುಡ್ಡು ವಸೂಲಾದಂತೆ ಅನಿಸಲಿಲ್ಲ. ಆಚೆ ಬದಿಯಲ್ಲಿ ಸುಮಿತ್ರಮ್ಮ ಪಕ್ಕದಾಕೆಯ ಜೊತೆ ಬಿದ್ದು ಬಿದ್ದು ನಗುತ್ತಿದ್ದಳು. ಇಪ್ಪತ್ತಾರು ವರ್ಷ ಅವನಿಗಾಗಿ ಕೂಡಿಟ್ಟ ಮಾತನ್ನೆಲ್ಲ ಯಾರಿಗೋ ಖರ್ಚು ಮಾಡುತ್ತಿದ್ದಾಳೆ!

ಅವನು ಕಿಟಕಿಗೆ ಹಣೆ ಒತ್ತಿದ. ಒತ್ತಿದವನು ಹಾಗೇ ಉಳಿದ.

ಕೆಳಗೆ ಮೋಡ ಹರಡಿತ್ತು. ಕನಸಿನಲ್ಲಿ ಕಂಡದ್ದೇ! ಹಾಲುಕೆನೆ ಮಡಿಕೆ ಮಡಿಕೆಯಾಗಿ ಕಣ್ಣು ಹೋದಷ್ಟು ದೂರ. ಅಲ್ಲೊಂದು ಇಲ್ಲೊಂದು ಮೋಡ ಗುಡ್ಡದಂತೆ ಎದ್ದು, ಬಿಸಿಲಿಗೆ ತುದಿಯಲ್ಲಿ ಹೊಂಬಣ್ಣ. ವಿಮಾನದ ಪುಟ್ಟ ನೆರಳು ಬೆಳ್ಳಗಿನ ಅಂಗಳದ ಮೇಲೆ ಬೆಕ್ಕಿನ ಮರಿಯಂತೆ ಓಡುತ್ತಿತ್ತು. ಸಾಂತಪ್ಪನ ಸಿಟ್ಟು, ಸದ್ದು, ವಯಸ್ಸು ಎಲ್ಲ ಕರಗಿ ಎಲ್ಲೋ ಹೋಯಿತು. ಅವನು ಮತ್ತೆ ಏಣಿಯ ತುದಿಯಲ್ಲಿದ್ದ. ಕೆಳಗೆ ಸುಮಿತ್ರಮ್ಮ ಬುಟ್ಟಿ ಹಿಡಿದು ನಿಂತಿದ್ದಳು. ಅವಳಿಗೆ ಇದನ್ನು ಹೇಳದೆ ಇರುವುದುಂಟೇ?

“ಲೇ ಸುಮಿತ್ರೋ! ಇಲ್ನೋಡೇ!”

ಮೂವತ್ತಡಿ ಮೇಲಿನಿಂದ ತೋಟದ ಆಚೆ ತುದಿಗೆ ಕೂಗಿ ಪಳಗಿದ ಗಂಟಲು! ಹಿಂದಿನ ಸಾಲುಗಳಲ್ಲಿ ಮಕ್ಕಳು ಎಚ್ಚರಗೊಂಡು ಅತ್ತವು. ಗಗನಸಖಿ ಓಡಿ ಬಂದಳು. ಕನ್ನಡಕದವರು ಹಾರಿಬಿದ್ದು, ಕೈಯಲ್ಲಿದ್ದ ಟೊಮೆಟೊ ರಸವನ್ನು ಇಡಿಯಾಗಿ ತಮ್ಮ ಬಿಳಿ ಶರ್ಟಿಗೆ ಅಭಿಷೇಕ ಮಾಡಿಕೊಂಡರು.

“ಅಯ್ಯೋ! ನಾನು ಮೊದ್ಲೇ ಹೇಳ್ಲಿಲ್ವೇನ್ರೀ?” ಆಚೆಯಿಂದ ಅವರ ಹೆಂಡತಿ ಸಿಡಿದರು. “ಪಾಪ, ಇವರ ಯಜಮಾನ್ರು ಇಲ್ಲಿ ಬಂದು ಕೂರ್ಲಿ, ನಾನು ನಿಮ್ಮ ಪಕ್ಕ ಬರ್ತೀನಿ ಅಂತ. ನೀವು ಕೇಳಿದ್ರೆ ತಾನೆ!”

“ಕೇಳ್ದೆ ಕಣೆ. ಪ್ರಾಣ ಹೋದ್ರೂ ಏಳಲ್ಲ ಅಂದ್ರು.”

ಸುಮಿತ್ರಮ್ಮ ಗಂಡನನ್ನು ನೋಡಿದಳು. ಆ ನೋಟದ ಮುಂದೆ ಸಾಂತಪ್ಪ ಗಾಳಿ ಹೋದ ಟ್ಯೂಬಿನಂತಾದ.

“ಎದ್ದೆ ಸ್ವಾಮಿ! ಈಗ್ಲೇ ಎದ್ದೆ! ನಂದೇ ತಪ್ಪು!” ಎಂದು ಬೆಲ್ಟು ಕಳಚಿ ಎದ್ದು ನಿಂತ.

ಟಿಣ್! ತಲೆಯ ಮೇಲೆ ದೀಪ ಹತ್ತಿತು. ಗಗನಸಖಿ ಅವನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟಳು. “ಸರ್, ಇಳಿಯೋ ಟೈಮ್. ಯಾರೂ ಎದ್ದೇಳ್ಬಾರ್ದು. ಬೆಲ್ಟ್ ಹಾಕ್ಕೊಳ್ಳಿ.”

“ಇಷ್ಟು ಬೇಗಾನಾ? ಇನ್ನೊಂದು ಹತ್ತು ನಿಮಿಷ ಸುತ್ತು ಹಾಕ್ಸಿ ತಾಯಿ!”

ಯಾರೂ ಸುತ್ತು ಹಾಕಿಸಲಿಲ್ಲ. ಮೂವತ್ತು ಏಣಿ ಹೈದರಾಬಾದಿನ ನೆಲಕ್ಕೆ ದಡಕ್ಕನೆ ಇಳಿದವು.

ಕೆಳಗೆ ಒಂದು ಬಸ್ಸು ಕಾದಿತ್ತು. ವಿಮಾನದಿಂದ ನಿಲ್ದಾಣದ ಬಾಗಿಲಿಗೆ ಸಾಗಿಸುವ ಬಸ್ಸು. ಮುಂದಿನವರು ಹಿಂದಿನವರು ಎಂಬ ಭೇದವಿಲ್ಲದೆ ಎಲ್ಲರನ್ನೂ ಅದಕ್ಕೇ ತುಂಬಿದರು. ಇದ್ದ ನಾಲ್ಕಾರು ಸೀಟುಗಳಲ್ಲಿ ಜೋಡಿ ಸೀಟೊಂದು ಹಿಡಿದಿದ್ದ ಕನ್ನಡಕದವರು ಸಾಂತಪ್ಪನನ್ನು ಕಂಡದ್ದೇ ಹೆಂಡತಿಯೊಂದಿಗೆ ಎದ್ದುಬಿಟ್ಟರು.

“ಬನ್ನಿ ಸಾರ್, ಇಬ್ರೂ ಕೂತ್ಕೊಳ್ಳಿ. ಒದ್ದೆ ಶರ್ಟಲ್ಲಿ ನಂಗೆ ನಿಂತ್ರೇ ವಾಸಿ.”

ಸಾಂತಪ್ಪ ಕೈಮುಗಿದ. ಸುಮಿತ್ರಮ್ಮ ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು. ಅವನೂ ಕೂತ. ಬಸ್ಸು ಹೊರಟಿತು. ಅವನ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ, ಬೈಯಲು ಎದುರಿಗೆ ಗಾಡಿ ಇರಲಿಲ್ಲ. ಅವಳ ಭುಜ ಅವನ ಭುಜಕ್ಕೆ ತಾಗಿತ್ತು. ಹೊರಗೆ ಬರೀ ಸಿಮೆಂಟು, ಬಿಸಿಲು. ಅದರ ಮೇಲೆ ದೂರದ ವಿಮಾನಗಳು ನೀರಲ್ಲಿ ತೇಲಿದಂತೆ ನಡುಗುತ್ತಿದ್ದವು.

“ಮೋಡ ನೋಡಿದ್ಯಾ?” ಅವನು ಮೆಲ್ಲಗೆ ಕೇಳಿದ.

“ನೋಡ್ದೆ. ನಿಮ್ಮ ಕಡೆ ಹೆಂಗಿತ್ತು?”

ಅವನು ಹೇಳತೊಡಗಿದ. ಹಾಲುಕೆನೆಯವರೆಗೆ ಬಂದಿದ್ದ ಅಷ್ಟೇ, ಬಸ್ಸು ನಿಂತಿತು. ಎರಡೇ ನಿಮಿಷ! ಎಲ್ಲರೂ ಇಳಿದರು. ಇವರಿಬ್ಬರೇ ಕೂತಿದ್ದರು. ಡ್ರೈವರು ಹಿಂದಿರುಗಿ ನೋಡಿ, ಇಳಿಯಿರಿ ಎಂದು ಕೈಸನ್ನೆ ಮಾಡಿದ.

ಸುಮಿತ್ರಮ್ಮ ಏಳಲಿಲ್ಲ. ಗಂಡನ ತೋಳು ಹಿಡಿದುಕೊಂಡು ಪಿಸುಗುಟ್ಟಿದಳು: “ರೀ, ಈ ಬಸ್ಸು ಇನ್ನೊಂದು ಟ್ರಿಪ್ ಹೊಡೀತದಾ ಕೇಳಿ.”

ಏಣಿ ಸಾಂತಪ್ಪ ಜೀವಮಾನದಲ್ಲಿ ಮೊದಲ ಸಲ ಒಬ್ಬ ಡ್ರೈವರನ್ನು “ಅಣ್ಣಾ” ಎಂದು ಕರೆದ.